ಗ್ಯಾರೇಜಿನಲ್ಲಿ ಆರು ತಿಂಗಳು

ಯಂತ್ರಗಳಿಗೂ ನನಗೂ ಎಂದೂ ಹೊಂದಿಕೆಯಾದುದಿಲ್ಲ. ಮೂವತ್ತು ವರ್ಷಗಳಿಗೂ ಮಿಕ್ಕಿ ಕನ್ನಡ ಪಾಠ ಹೇಳಿದವನಿಗೆ ಸಮಾಸ ಬಿಡಿಸುವುದು ತಿಳಿದಿತ್ತೇ ಹೊರತು ಸೈಕಲ್ಲಿನ ಚಕ್ರ ಬಿಚ್ಚುವುದು ತಿಳಿದಿರಲಿಲ್ಲ. ಅಂತಹವನು ಅರವತ್ತಾರನೆಯ ವಯಸ್ಸಿನಲ್ಲಿ, ಪರದೇಶದ ಒಂದು ಮನೆಯ ಗ್ಯಾರೇಜಿನಲ್ಲಿ, ಜಪಾನಿನ ಹಳೆಯ ಕಾರೊಂದರ ಅಡಿಯಲ್ಲಿ ದೀಪ ಹಿಡಿದು ಕುಳಿತಿದ್ದೆನೆಂದರೆ ನನ್ನ ಹಳೆಯ ಸಹೋದ್ಯೋಗಿಗಳು ನಂಬಲಾರರು.

2023ರ ಏಪ್ರಿಲ್ ತಿಂಗಳಿನಲ್ಲಿ ನಾನೂ ನನ್ನ ಹೆಂಡತಿಯೂ ಮಗನ ಮನೆಗೆ ಹೋದೆವು. ಅವನಿರುವುದು ಅಮೆರಿಕದ ಮಿಷಿಗನ್ ರಾಜ್ಯದಲ್ಲಿ, ಡೆಟ್ರಾಯಿಟ್ ನಗರದ ಹೊರವಲಯದಲ್ಲಿ. ಹಗಲೆಲ್ಲ ಕಂಪ್ಯೂಟರಿನ ಮುಂದೆ ಕುಳಿತು ದುಡಿಯುವ ಅವನು ಸಂಜೆಯಾಯಿತೆಂದರೆ ಎಣ್ಣೆಮಸಿಯ ಹಳೆಯ ಅಂಗಿ ತೊಟ್ಟು ಗ್ಯಾರೇಜಿಗೆ ಇಳಿಯುತ್ತಿದ್ದ. ಅಲ್ಲಿ ನಾಲ್ಕು ಕಬ್ಬಿಣದ ಕಾಲುಗಳ ಮೇಲೆ, ಚಕ್ರಗಳಿಲ್ಲದೆ, ಗಾಜುಗಳಿಲ್ಲದೆ, ಒಂದು ಕಾರಿನ ಅಸ್ಥಿಪಂಜರ ನಿಂತಿತ್ತು. ಅದನ್ನು ಕೊಳ್ಳಲು ಅವನು ಕೊಟ್ಟ ಹಣವನ್ನು ನಮ್ಮ ರೂಪಾಯಿಗೆ ಗುಣಿಸಿ ನೋಡಿದಾಗ, ಅವನ ಬುದ್ಧಿಯ ಬಗೆಗೆ ನನಗೆ ಕಳವಳವಾಯಿತೆಂಬುದನ್ನು ಮುಚ್ಚಿಡಲಾರೆ.

ಕಾರಿನ ಹೆಸರು ಡಟ್ಸನ್ 240 ಝಡ್. ಜಪಾನಿನ ನಿಸ್ಸಾನ್ ಕಂಪನಿ ಅದನ್ನು 1969ರಲ್ಲಿ ಹೊರತಂದಿತು. ತವರಿನಲ್ಲಿ ಅದಕ್ಕೆ ಫೇರ್‌ಲೇಡಿ ಎಂದು ಹೆಸರು. ಅಮೆರಿಕದಲ್ಲಿ ಕಂಪನಿಯ ಹೊಣೆ ಹೊತ್ತಿದ್ದ ಯುತಾಕಾ ಕತಾಯಾಮಾ ಎಂಬವರಿಗೆ ಆ ಹೆಸರು ಹಿಡಿಸಲಿಲ್ಲ. ವೇಗದ ಕಾರಿಗೆ ಸುಕುಮಾರಿಯ ಹೆಸರೇಕೆಂದು, ಎಂಜಿನ್ನಿನ ಗಾತ್ರವಾದ 2.4 ಲೀಟರನ್ನೇ ಹಿಡಿದು 240 ಎಂದು ಕರೆದರು. ಆಗ ಅದರ ಬೆಲೆ 3,526 ಡಾಲರು. ಅದೇ ಬಗೆಯ ಯೂರೋಪಿನ ಕಾರುಗಳಿಗೆ ಹೋಲಿಸಿದರೆ ಇದು ಬಹಳ ಅಗ್ಗ. ಉದ್ದನೆಯ ಮೂತಿ, ಹಿಂದಕ್ಕೆ ಇಳಿಜಾರಾದ ಬೆನ್ನು, ಒಳಗೆ ಇಬ್ಬರಿಗೆ ಮಾತ್ರ ಜಾಗ. ಕತಾಯಾಮಾ ಅವರು ನೂರೈದು ವರ್ಷ ಬಾಳಿ 2015ರಲ್ಲಿ ತೀರಿಕೊಂಡರೆಂದು ಮಗ ತನ್ನ ಮನೆಯ ಹಿರಿಯರೊಬ್ಬರ ಸುದ್ದಿ ಹೇಳುವಂತೆ ಹೇಳಿದ.

ಅವನ ಕಾರು 1972ರಲ್ಲಿ ತಯಾರಾದುದು. ಅದರ ಶತ್ರು ಉಪ್ಪು. ಆ ಸೀಮೆಯಲ್ಲಿ ಚಳಿಗಾಲದುದ್ದಕ್ಕೂ ಹಿಮ ಬೀಳುತ್ತದೆ. ಉಪ್ಪು ಬೆರೆತ ನೀರು ಸುಲಭವಾಗಿ ಹೆಪ್ಪುಗಟ್ಟುವುದಿಲ್ಲವಾದ ಕಾರಣ ರಸ್ತೆಗಳ ಮೇಲೆ ಉಪ್ಪನ್ನು ಚೆಲ್ಲಿ ಹಿಮ ಕರಗಿಸುತ್ತಾರೆ. ಜನರಿಗೆ ಅದರಿಂದ ಅನುಕೂಲ, ಕಾರಿಗೆ ಮೃತ್ಯು. ಕಬ್ಬಿಣಕ್ಕೆ ನೀರೂ ಗಾಳಿಯೂ ತಗುಲಿದರೆ ತುಕ್ಕು ಹಿಡಿಯುವುದೆಂದು ನೀವು ಓದಿದ್ದೀರಿ. ನೀರಿನಲ್ಲಿ ಉಪ್ಪಿದ್ದರೆ ಆ ಕೆಲಸ ಹಲವು ಪಟ್ಟು ಚುರುಕಾಗುತ್ತದೆ. ಚಕ್ರದಿಂದ ಸಿಡಿದ ಉಪ್ಪುನೀರು ತಗಡಿನ ಮಡಿಕೆಗಳಲ್ಲಿ ಸೇರಿ, ಮೇಲಿನ ಬಣ್ಣ ಹೊಳೆಯುತ್ತಿರುವಾಗಲೇ ಒಳಗಿನಿಂದ ತಿನ್ನುತ್ತ ಬರುತ್ತದೆ.

ಒಂದು ಭಾನುವಾರ ಮಗ ಅಡುಗೆಮನೆಯ ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದ, ಹಂಪಿಯ ಕಲ್ಲಿನ ರಥದ ಚಿತ್ರವಿದ್ದ ಅಯಸ್ಕಾಂತವನ್ನು ಕಿತ್ತು ತಂದು ನನ್ನ ಕೈಗಿತ್ತು, “ಅಪ್ಪಾ, ಕಾರಿನ ಮೈಮೇಲೆ ಇದನ್ನು ನಿಧಾನವಾಗಿ ಆಡಿಸಿ, ಎಲ್ಲಿ ಹಿಡಿಯುವುದಿಲ್ಲವೋ ಅಲ್ಲಿ ಸೀಮೆಸುಣ್ಣದ ಗುರುತು ಹಾಕಿ” ಎಂದ. ಸೀಮೆಸುಣ್ಣ ಹಿಡಿಯುವುದು ನನಗೆ ಬರುವ ಕೆಲಸ. ಬಾಗಿಲಿನ ಕೆಳಗೆ, ಹಿಂಚಕ್ರದ ಮುಂಭಾಗದಲ್ಲಿ, ಅಯಸ್ಕಾಂತ ಜಾರಿ ಬಿದ್ದಿತು. ಕಣ್ಣಿಗೆ ಅಲ್ಲಿ ಏನೂ ಕೊರತೆಯಿರಲಿಲ್ಲ, ನುಣುಪಾದ ಬಣ್ಣವಿತ್ತು. ಮಗ ಕೆರೆದಾಗ ಬಣ್ಣದ ಕೆಳಗೆ ಎರಡು ಬೆರಳು ದಪ್ಪ ಪುಟ್ಟಿ. ಅದನ್ನು ಕಿತ್ತಾಗ ಒಳಗೆ ಒಣಗಿದ ಹಪ್ಪಳದಂತೆ ಮುರಿದುಬೀಳುವ ತಗಡು. ಹಿಂದೆ ಯಾರೋ ತೂತನ್ನು ಮುಚ್ಚಿ, ಬಣ್ಣ ಬಳಿದು, ಚೆನ್ನಾಗಿದೆಯೆಂದು ಮಾರಿಬಿಟ್ಟಿದ್ದರು. ಈ ಕಾರಿಗೆ ಬೇರೆ ಚೌಕಟ್ಟಿಲ್ಲ. ಅದರ ಮೈಯೇ ಭಾರ ಹೊರುವ ಬೆನ್ನೆಲುಬು. ಅಂತಹ ಕಡೆ ತುಕ್ಕನ್ನು ಮುಚ್ಚಿಡುವುದೆಂದರೆ ಕುಳಿತವರ ಪ್ರಾಣದೊಡನೆ ಆಟವಾಡಿದಂತೆ.

ಆ ಕ್ಷಣದಲ್ಲಿ ನನಗೆ ಎಂ.ಎ. ತರಗತಿಯ ಗ್ರಂಥಸಂಪಾದನೆಯ ಪಾಠ ನೆನಪಾಯಿತು. ಹುಳು ತಿಂದ ಓಲೆಯನ್ನು ಪ್ರತಿಮಾಡುವ ಲಿಪಿಕಾರ ಕೆಲವೊಮ್ಮೆ ಅಕ್ಷರಗಳು ಹೋದ ಜಾಗದಲ್ಲಿ ತನ್ನ ಮಾತನ್ನು ಸೇರಿಸಿಬಿಡುತ್ತಾನೆ. ಪದ್ಯ ಸರಾಗವಾಗಿ ಓಡುತ್ತದೆ. ಆದರೆ ಅದು ಕವಿಯ ಮಾತಲ್ಲ. ಹೀಗೆ ಸೇರಿಕೊಂಡುದನ್ನು ಗುರುತಿಸಲು ನಮ್ಮ ಗುರುಗಳು ಎಷ್ಟು ಶ್ರಮಪಡುತ್ತಿದ್ದರು! ಒಂದು ಅಯಸ್ಕಾಂತ ಅವರ ಬಳಿಯೂ ಇದ್ದಿದ್ದರೆ ಚೆನ್ನಾಗಿತ್ತು.

ಕೊಳೆತ ತಗಡನ್ನು ಕತ್ತರಿಸಿ ಹೊಸದನ್ನು ಬೆಸೆಯಬೇಕಾಗಿತ್ತು. ಬೆಸುಗೆಯ ಯಂತ್ರ ಬಂದುದು ಪಕ್ಕದ ಮನೆಯಿಂದ. ಅಲ್ಲಿದ್ದವರು ನನಗಿಂತ ಐದಾರು ವರ್ಷ ಹಿರಿಯರು. ಡೆಟ್ರಾಯಿಟಿನ ಕಾರು ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು. ಮೊದಮೊದಲು ಅವರು ಗ್ಯಾರೇಜಿನ ಬಾಗಿಲಿನಲ್ಲಿ ನಿಂತು ನೋಡಿ, ಮಾತನಾಡದೆ ಹೋಗುತ್ತಿದ್ದರು. 1973ರಲ್ಲಿ ತೈಲದ ಬಿಕ್ಕಟ್ಟು ತಲೆದೋರಿದ ಮೇಲೆ ಕಡಿಮೆ ಪೆಟ್ರೋಲಿನಲ್ಲಿ ಓಡುವ ಜಪಾನಿನ ಸಣ್ಣ ಕಾರುಗಳಿಗೆ ಅಮೆರಿಕದಲ್ಲಿ ಬೇಡಿಕೆ ಹೆಚ್ಚಿತು. ಮುಂದಿನ ವರ್ಷಗಳಲ್ಲಿ ಡೆಟ್ರಾಯಿಟಿನ ಸಾವಿರಾರು ಕೆಲಸಗಾರರು ಮನೆಗೆ ಹೋದರು. ಕಡೆಗೆ 1981ರಲ್ಲಿ ಜಪಾನು ತಾನೇ ಆ ದೇಶಕ್ಕೆ ಕಳಿಸುವ ಕಾರುಗಳ ಸಂಖ್ಯೆಗೆ ಮಿತಿ ಹಾಕಿಕೊಳ್ಳಬೇಕಾಯಿತು. ನಮ್ಮ ನೆರೆಯವರೂ ಆಗ ಎರಡು ವರ್ಷ ಕೆಲಸವಿಲ್ಲದೆ ಕುಳಿತವರು. “ಇಂತಹ ಕಾರು ನಮ್ಮ ಬೀದಿಗೆ ಬಂದರೆ ನಾವು ಮುಖ ತಿರುಗಿಸಿಕೊಳ್ಳುತ್ತಿದ್ದೆವು” ಎಂದು ಅವರೇ ಒಂದು ದಿನ ಹೇಳಿದರು. ಹಾಗೆ ಹೇಳಿದವರು, ಮಗನ ಮೊದಲ ಬೆಸುಗೆ ನೋಡಿ ಸಹಿಸಲಾರದೆ, ಮನೆಗೆ ಹೋಗಿ ತಮ್ಮ ಯಂತ್ರವನ್ನೇ ತಳ್ಳಿಕೊಂಡು ಬಂದರು. ತೆಳು ತಗಡಿಗೆ ಒಂದೇ ಸಮನೆ ಬೆಸುಗೆ ಎಳೆದರೆ ಕಾವಿಗೆ ಅದು ಸೊಟ್ಟಗಾಗುತ್ತದೆ. ಇಲ್ಲೊಂದು ಚುಕ್ಕೆ, ದೂರದಲ್ಲಿ ಮತ್ತೊಂದು ಚುಕ್ಕೆ ಇಟ್ಟು, ಆರಲು ಬಿಟ್ಟು, ನಡುವಣ ಜಾಗವನ್ನು ತುಂಬುತ್ತ ಬರಬೇಕು. ಹೀಗೆ ಒಂದು ಮೊಳ ಬೆಸೆಯಲು ಇಡೀ ಸಂಜೆ ಬೇಕಾಗುತ್ತಿತ್ತು. ಕಿಡಿಯ ಭಯದಿಂದ ಪೆಟ್ರೋಲಿನ ತೊಟ್ಟಿಯನ್ನು ಮೊದಲೇ ಕಳಚಿ ಹೊರಗೆ ಸಾಗಿಸಿದ್ದರು. ಬೆಂಕಿ ಆರಿಸುವ ಕೊಳವೆಯನ್ನು ಹಿಡಿದು ನಿಲ್ಲುವ ಉದ್ಯೋಗ ನನ್ನದಾಯಿತು.

ಗ್ಯಾರೇಜಿನ ಒಂದು ಗೋಡೆಯ ತುಂಬ ಸಣ್ಣ ಸಣ್ಣ ಪ್ಲಾಸ್ಟಿಕ್ ಚೀಲಗಳು ತೂಗುತ್ತಿದ್ದವು. ಕಾರಿನಿಂದ ಬಿಚ್ಚಿದ ಒಂದೊಂದು ತಿರುಪನ್ನೂ ಒಂದೊಂದು ಬಳೆಯನ್ನೂ ಮಗ ಅವುಗಳಲ್ಲಿ ಹಾಕಿ ಚೀಟಿ ಅಂಟಿಸಿದ್ದ. ಚೀಟಿಗಳು ಕನ್ನಡದಲ್ಲಿದ್ದವು. “ಎಡ ಬಾಗಿಲು, ಮೇಲಿನ ಕೀಲು, ಮೂರು”, “ದೀಪದ ಬಳೆ, ಬಲ, ಒಂದು ಮುರಿದಿದೆ.” ಹತ್ತಿರ ಹೋಗಿ ಓದಿದವನು ಅಲ್ಲಿಯೇ ನಿಂತುಬಿಟ್ಟೆ.

ಅವನು ಒಂಬತ್ತನೆಯ ತರಗತಿಯಲ್ಲಿದ್ದಾಗ ನಡೆದ ಸಂಗತಿ. ನಮ್ಮ ತಂದೆಯವರ ಕಾಲದ ಗೋಡೆಗಡಿಯಾರವೊಂದು ನಿಂತುಹೋಗಿತ್ತು. ನಾನು ಶಾಲೆಯಿಂದ ಬರುವಷ್ಟರಲ್ಲಿ ಇವನು ಅದನ್ನು ಇಳಿಸಿ, ನಡುಮನೆಯಲ್ಲಿ ಪತ್ರಿಕೆ ಹಾಸಿ, ಚೂರುಚೂರಾಗಿ ಬಿಚ್ಚಿಟ್ಟಿದ್ದ. ಮರುದಿನ ಗಣಿತದ ಪರೀಕ್ಷೆ. ನಾನು ಒಂದು ಮಾತನ್ನೂ ಕೇಳದೆ ಅವನ ಕೆನ್ನೆಗೆ ಹೊಡೆದು, ಎಲ್ಲ ಚೂರುಗಳನ್ನೂ ಬಾಚಿ ಬಿಸ್ಕತ್ತಿನ ಡಬ್ಬಕ್ಕೆ ಸುರಿದು, ಅಟ್ಟದ ಮೇಲೆ ಇಟ್ಟುಬಿಟ್ಟೆ. ಪರೀಕ್ಷೆಯಲ್ಲಿ ಅವನಿಗೆ ಒಳ್ಳೆಯ ಅಂಕಗಳೇ ಬಂದವು. ಹೊಡೆದುದು ಸರಿಯಾಯಿತೆಂದು ಆಗ ನಾನು ಹೆಂಡತಿಯೊಡನೆ ಹೇಳಿಕೊಂಡದ್ದೂ ಉಂಟು.

ಜುಲೈ ತಿಂಗಳಿನಲ್ಲಿ ಒಂದು ಚರ್ಚೆ ಎದ್ದಿತು. ಹಳೆಯ ಎಂಜಿನ್ನನ್ನು ತೆಗೆದು ಅಮೆರಿಕದ ಎಂಟು ಸಿಲಿಂಡರಿನ ದೊಡ್ಡ ಎಂಜಿನ್ನನ್ನು ಕೂರಿಸಬೇಕೆಂದು ನೆರೆಯವರ ಹಟ. ಹಾಗೆ ಮಾಡಿದವರು ಅನೇಕರಿದ್ದಾರಂತೆ. ಮಗ ಒಪ್ಪಲಿಲ್ಲ. ಹಾಗೆಂದು ಕಾರು 1972ರಲ್ಲಿ ಹೇಗಿತ್ತೋ ಹಾಗೆಯೇ ಇರಲೆಂಬ ಪಂಗಡದವನೂ ಅವನಲ್ಲ. ಮುಂದಿನ ಬ್ರೇಕುಗಳನ್ನು ಕಳಚಿ, ಟೊಯೋಟಾ ಟ್ರಕ್ಕಿನ ಹೆಚ್ಚು ಬಲವಾದ ಬ್ರೇಕುಗಳನ್ನು ಹೊಂದಿಸಿದ. ನಾಲ್ಕು ಗೇರುಗಳ ಪೆಟ್ಟಿಗೆಯ ಬದಲು ಅದೇ ವಂಶದ ಮುಂದಿನ ಕಾರಿನ ಐದು ಗೇರುಗಳ ಪೆಟ್ಟಿಗೆ ಬಂತು. ಕಿಡಿ ಹಾರಿಸುವ ಹಳೆಯ ವ್ಯವಸ್ಥೆಗೆ ಬದಲಾಗಿ ಎಲೆಕ್ಟ್ರಾನಿಕ್ ವ್ಯವಸ್ಥೆ ಬಂತು. ಆದರೆ ಒಂದು ಕಡೆಯಾದರೂ ಮೂಲದ ಲೋಹಕ್ಕೆ ಹೊಸ ತೂತು ಕೊರೆಯಲಿಲ್ಲ. ತೆಗೆದ ಭಾಗವೊಂದನ್ನೂ ಎಸೆಯಲಿಲ್ಲ. ಎಲ್ಲಕ್ಕೂ ಎಣ್ಣೆ ಸವರಿ, ಚೀಟಿ ಅಂಟಿಸಿ ಪೆಟ್ಟಿಗೆಯಲ್ಲಿಟ್ಟ. “ಮುಂದೆ ಯಾರಿಗಾದರೂ ಮೊದಲಿನಂತೆಯೇ ಬೇಕೆನಿಸಿದರೆ?” ಎಂದು ಅವನ ವಾದ. ಬಿಟ್ಟ ಪಾಠವನ್ನು ಅಡಿಟಿಪ್ಪಣಿಯಲ್ಲಿ ಕಾಪಾಡುವ ಈ ಸಂಪಾದಕನಿಗೆ ಆ ವಿದ್ಯೆಯನ್ನು ಕಲಿಸಿದವನು ನಾನಲ್ಲ.

ನನ್ನ ಪಾಲಿಗೂ ಒಂದು ನಿಜವಾದ ಕೆಲಸ ಸೆಪ್ಟೆಂಬರಿನಲ್ಲಿ ಬಂತು. ಆ ಎಂಜಿನ್ನಿಗೆ ಸಾಲಾಗಿ ಆರು ಸಿಲಿಂಡರುಗಳು. ಮೂರು ಮೂರಕ್ಕೆ ಒಂದರಂತೆ ಎರಡು ಕಾರ್ಬುರೇಟರುಗಳು. ಗಾಳಿಗೆ ಪೆಟ್ರೋಲನ್ನು ಹದವಾಗಿ ಬೆರೆಸಿ ಕೊಡುವುದು ಅವುಗಳ ಕೆಲಸ. ಎರಡೂ ಸಮನಾಗಿ ಉಸಿರೆಳೆಯದಿದ್ದರೆ ಎಂಜಿನ್ನು ಕೆಮ್ಮುತ್ತದೆ, ಕುಂಟುತ್ತದೆ. ಅದನ್ನು ಅಳೆಯುವ ಉಪಕರಣವಿದೆಯಾದರೂ ಒಂದು ರಬ್ಬರು ಕೊಳವೆ ಸಾಕು. ಅದರ ಒಂದು ತುದಿಯನ್ನು ಕಾರ್ಬುರೇಟರಿನ ಬಾಯಿಯ ಬಳಿ, ಇನ್ನೊಂದನ್ನು ಕಿವಿಯ ಬಳಿ ಇಟ್ಟುಕೊಂಡು ‘ಸುಂಯ್’ ಎಂಬ ಸದ್ದನ್ನು ಹೋಲಿಸಬೇಕು. ಮಗ ಕೊಳವೆಯನ್ನು ನನಗೆ ಕೊಟ್ಟು, “ನಿಮಗೆ ಸಂಗೀತ ಕೇಳಿದ ಕಿವಿ ಇದೆ” ಎಂದ. ಮುಂದಿನದಕ್ಕಿಂತ ಹಿಂದಿನದರ ಸದ್ದು ತುಸು ಏರಿತ್ತು. ನಾನು “ಇಳಿಸು” ಎಂದೆ. ಅವನು ತಿರುಪನ್ನು ಕೂದಲೆಳೆಯಷ್ಟು ತಿರುಗಿಸಿದ. “ಇನ್ನೂ.” ಮತ್ತೆ ತಿರುಗಿಸಿದ. ಅರ್ಧ ಗಂಟೆಯ ಮೇಲೆ ಎರಡರ ಶ್ರುತಿಯೂ ಕೂಡಿತು. ಎಂಜಿನ್ನಿನ ಮೇಲೆ ಇಟ್ಟಿದ್ದ ಲೋಟದ ನೀರು ಮೊದಲು ತುಳುಕುತ್ತಿದ್ದುದು ಈಗ ಬರಿಯ ನಡುಗಿತು. ಅಂದು ರಾತ್ರಿ ಊಟದಲ್ಲಿ ಎರಡು ಚಪಾತಿ ಹೆಚ್ಚಾಗಿ ತಿಂದೆನೆಂದು ಹೆಂಡತಿ ಇಂದಿಗೂ ಹಾಸ್ಯ ಮಾಡುವುದುಂಟು.

ನಾವು ಹೊರಡುವುದಕ್ಕೆ ಎರಡು ದಿನ ಮೊದಲು ಕಾರು ಬೀದಿಗಿಳಿಯಿತು. ಬಣ್ಣವಿನ್ನೂ ಆಗಿರಲಿಲ್ಲ, ಬೂದಿ ಬಳಿದುಕೊಂಡ ಬೈರಾಗಿಯಂತಿತ್ತು. ನೆರೆಯವರು ತಮ್ಮ ಅಂಗಳದಲ್ಲಿ ನಿಂತು ಟೋಪಿ ಎತ್ತಿದರು. ನೆಲಕ್ಕೆ ಅಂಟಿದಂತಿದ್ದ ಆಸನದಲ್ಲಿ ಕಾಲು ಚಾಚಿ ಕುಳಿತು, ಬಣ್ಣ ತಿರುಗುತ್ತಿದ್ದ ಮೇಪಲ್ ಮರಗಳ ನಡುವೆ ಎರಡು ಮೈಲಿ ಹೋಗಿ ಬಂದೆವು. ಹಿಂದಿರುಗುವಾಗ ಎಲ್ಲಿಂದಲೋ ‘ಟಿಕ್ ಟಿಕ್’ ಸದ್ದು. ಗ್ಯಾರೇಜು ತಲುಪಿ, ಕಾರನ್ನು ಎತ್ತಿ ಕಬ್ಬಿಣದ ಕಾಲುಗಳ ಮೇಲೆ ನಿಲ್ಲಿಸಿದವನೇ ಮಗ ಅದರ ಅಡಿಗೆ ಸರಿದ. ನಾನು ದೀಪ ಹಿಡಿದು ಪಕ್ಕದಲ್ಲಿ ಕುಳಿತೆ. ಅವನ ಕಾಲುಗಳು ಮಾತ್ರ ಕಾಣುತ್ತಿದ್ದವು. ಮುಖ ಕಾಣದಿದ್ದುದರಿಂದಲೇ ನನಗೆ ಮಾತು ಹೊರಟಿತೇನೋ.

“ಆ ಗಡಿಯಾರದ ಡಬ್ಬ ಇನ್ನೂ ಅಟ್ಟದ ಮೇಲಿದೆ” ಎಂದೆ. “ಅಂದು ನಾನು ನಿನ್ನನ್ನು ಕೇಳಬೇಕಾಗಿತ್ತು.”

ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ ಅಡಿಯಿಂದ ಉತ್ತರ ಬಂತು. “ಬಿಚ್ಚಿದ ಕ್ರಮ ನೆನಪಿತ್ತಪ್ಪ. ಅಂದೇ ರಾತ್ರಿ ಜೋಡಿಸಿಬಿಡುತ್ತಿದ್ದೆ.”

ಮತ್ತೆ ಮೌನ.

“ಅದರ ಕೀಲಿ ಇದೆಯೆ?”

“ಇದೆ. ದೇವರ ಮನೆಯ ಗೂಡಿನಲ್ಲಿ.”

“ಡಬ್ಬವನ್ನು ಇಳಿಸಿಡಿ. ಡಿಸೆಂಬರಿನಲ್ಲಿ ಬಂದಾಗ ನೋಡುತ್ತೇನೆ. ಅಲ್ಲಿಯವರೆಗೆ ಯಾವುದನ್ನೂ ಒರೆಸಬೇಡಿ” ಎಂದು, ಅವನು ಕಾರಿನ ಅಡಿಯಿಂದ ಕೈ ಹೊರಗೆ ಚಾಚಿದ. “ಹನ್ನೆರಡರ ಸ್ಪ್ಯಾನರು ಕೊಡಿ.”

ಹುಡುಕಿ ಕೊಟ್ಟೆ.