ಕುಬ್ಜವೃಕ್ಷಗಳ ಬಾಯಾರಿಕೆ

ಬಾಯಾರಿದ ಮರ ಬೇರನ್ನು ಇನ್ನಷ್ಟು ಕೆಳಕ್ಕೆ ಇಳಿಸುತ್ತದೆ. ಬಾಯಾರಿದ ಹಸು ಹಗ್ಗವನ್ನು ಜಗ್ಗುತ್ತದೆ. ಬಾಯಾರಿದ ವಿದ್ಯಾರ್ಥಿ ಅಧ್ಯಾಪಕರ ಅಪ್ಪಣೆ ಪಡೆದು ಹೊರಗೆ ಹೋಗುತ್ತಾನೆ. ಈ ಮೂರು ಉಪಾಯಗಳಲ್ಲಿ ಒಂದೂ ಇಲ್ಲದ ಜೀವವೆಂದರೆ ಬೋನ್ಸಾಯಿ, ಅಂದರೆ ಕುಂಡದಲ್ಲಿ ಬೆಳೆಸಿದ ಕುಬ್ಜವೃಕ್ಷ. ಅದರ ಕುಂಡದ ಆಳ ನಾಲ್ಕು ಬೆರಳು. ಅದರೊಳಗಿನದನ್ನು ಮಣ್ಣೆಂದು ಕರೆಯಲು ಸಂಕೋಚವಾಗಬೇಕು: ಇಟ್ಟಿಗೆಯ ಚೂರು, ದಪ್ಪ ಮರಳು, ಒಂದಿಷ್ಟು ಎಲೆಗೊಬ್ಬರ. ನೀರು ನಿಂತರೆ ಬೇರು ಕೊಳೆಯುತ್ತದೆಂದು ಹೀಗೆ ಮಾಡುವುದು. ಆದುದರಿಂದ ಎರೆದ ನೀರು ಬಹುಪಾಲು ಇಳಿದುಹೋಗುತ್ತದೆ. ನಮ್ಮ ಬಯಲುಸೀಮೆಯ ಏಪ್ರಿಲ್ ಬಿಸಿಲಿನಲ್ಲಿ ಎರಡು ಮೂರು ದಿನ ಮರೆತರೆ ನಲವತ್ತು ವರ್ಷದ ಮರ ಸೌದೆಯಾಗಿಬಿಡಬಹುದು. ಅದೂ ಒಂದು ಲೋಟ ಕಾಫಿ ಕಾಯಿಸಲು ಸಾಲದಷ್ಟು ಸೌದೆ.

ಇದು ನನಗೆ ಪುಸ್ತಕದಿಂದ ತಿಳಿದುದಲ್ಲ. ಕಾಲೇಜಿಗೆ ಬರುವ ಮುನ್ನ ಒಮ್ಮೆ, ಕಾಲೇಜು ಬಿಟ್ಟ ಮೇಲೆ ಒಮ್ಮೆ, ನಿವೃತ್ತ ಅಂಚೆ ನೌಕರರೊಬ್ಬರ ಮನೆಯ ತಾರಸಿಯಲ್ಲಿ 34 ಕುಂಡಗಳಿಗೆ ನೀರು ಹಾಕುವುದು ಮೂರು ವರ್ಷಗಳಿಂದ ನನ್ನ ಕೆಲಸ. ನನ್ನ ಬಸ್ಸಿನ ಪಾಸು, ಪರೀಕ್ಷೆಯ ಶುಲ್ಕ ಎಲ್ಲವೂ ಅದರಿಂದಲೇ ನಡೆದಿವೆ. ಯಜಮಾನರಿಗೆ ಮೊಳಕಾಲಿನ ನೋವು. ಮೆಟ್ಟಿಲನ್ನು ಹೇಗೋ ಹತ್ತಬಲ್ಲರು, ನೀರಿನ ಕೊಡ ಎತ್ತಲಾರರು. ಪರೀಕ್ಷೆ ಮುಗಿದರೆ ನಾನು ಊರು ಬಿಡುವವನು. ಇದು ತಿಳಿದು, ಪರವೂರಿನಲ್ಲಿರುವ ಅವರ ಮಕ್ಕಳು ಮರಗಳನ್ನು ಮಾರಿಬಿಡುವುದೇ ಲೇಸು ಎಂದರು. ಯಜಮಾನರು ಅಂದು ಏನೂ ಮಾತನಾಡಲಿಲ್ಲ. ಮರುದಿನ ನನ್ನನ್ನು ಕರೆದು, “ತಾನಾಗಿ ನೀರು ಹಾಕುವ ಯಂತ್ರವಿದೆಯಂತಲ್ಲ, ನಿನ್ನಿಂದ ಆದೀತೆ?” ಎಂದು ಕೇಳಿದರು. ತನ್ನ ಕೆಲಸವನ್ನು ತನ್ನ ಕೈಯಿಂದಲೇ ಯಂತ್ರಕ್ಕೆ ಒಪ್ಪಿಸಿ ಹೋಗುವ ಭಾಗ್ಯ ಎಲ್ಲ ಕೂಲಿಗಾರರಿಗೂ ದೊರೆಯುವುದಿಲ್ಲ. ಆಗಲೆಂದೆ.

ತಾನಾಗಿ ನೀರು ಬೀಳುವುದು ನಮ್ಮವರಿಗೆ ಹೊಸ ಸಂಗತಿಯೇನೂ ಅಲ್ಲ. ಶಿವಾಲಯದಲ್ಲಿ ಲಿಂಗದ ಮೇಲೆ ತೂಗುವ ಧಾರಾಪಾತ್ರೆಯನ್ನು ನೋಡದವರು ಯಾರು? ವೈಶಾಖದ ಬಿಸಿಲಿನಲ್ಲಿ ತುಳಸಿಯ ಮೇಲೆ ತೂತಿನ ಮಡಕೆಯನ್ನು ಕಟ್ಟುವ ಪದ್ಧತಿಯೂ ಉಂಟು. ಸುಟ್ಟ ಮಣ್ಣಿನ ಗಡಿಗೆಯನ್ನು ಗಿಡದ ಬುಡದಲ್ಲಿ ಹೂಳಿ ನೀರು ತುಂಬಿದರೆ, ಅದು ಬೆವರಿ ಬೆವರಿ ಬೇರಿಗೆ ನೀರುಣಿಸುತ್ತದೆ. ಇಸ್ರೇಲಿನ ಸಿಮ್ಖಾ ಬ್ಲಾಸ್ ಎಂಬ ಎಂಜಿನಿಯರು, ಸೋರುವ ಕೊಳವೆಯ ಪಕ್ಕದ ಮರವೊಂದು ಉಳಿದವುಗಳಿಗಿಂತ ಹುಲುಸಾಗಿ ಬೆಳೆದುದನ್ನು 1930ರ ದಶಕದಲ್ಲಿ ಕಂಡು ಬೆರಗಾದರಂತೆ. ಆ ಯೋಚನೆ ಪ್ಲಾಸ್ಟಿಕ್ಕಿನ ಕಾಲದಲ್ಲಿ ಫಲಿಸಿ, 1965ರಲ್ಲಿ ಹಟ್ಜೆರಿಮ್ ಎಂಬ ಸಹಕಾರಿ ಹಳ್ಳಿಯಲ್ಲಿ ಹನಿ ನೀರಾವರಿಯ ಸಲಕರಣೆಗಳ ಉದ್ಯಮ ಆರಂಭವಾಯಿತು. ಇಂದು ನಮ್ಮ ದಾಳಿಂಬೆ, ಅಡಿಕೆ ತೋಟಗಳಲ್ಲೆಲ್ಲ ಆ ಕರಿಯ ಕೊಳವೆಯೇ.

ಆದರೆ ದಾಳಿಂಬೆಗೆ ಒಪ್ಪಿದುದು ಬೋನ್ಸಾಯಿಗೆ ಒಪ್ಪಬೇಕಲ್ಲ! ಹೊಲದ ಮಣ್ಣಿನಲ್ಲಿ ಒಂದು ಹನಿ ಬಿದ್ದರೆ ಸುತ್ತಲೂ ಹರಡುತ್ತದೆ. ಇಟ್ಟಿಗೆಯ ಚೂರಿನಲ್ಲಿ ಅದು ಅತ್ತಿತ್ತ ನೋಡದೆ ನೇರವಾಗಿ ಕೆಳಗಿನ ತೂತಿಗೆ ಇಳಿಯುತ್ತದೆ. ಕುಂಡದ ಒಂದು ಮೂಲೆ ಒದ್ದೆ, ಉಳಿದದ್ದು ಬೆಂಗಾಡು. ಆದುದರಿಂದ ಹನಿಯನ್ನು ಬಿಟ್ಟು, ಕಡ್ಡಿಯ ಮೇಲೆ ನಿಲ್ಲುವ ಚಿಕ್ಕ ತುಂತುರು ಮೂತಿಗಳನ್ನು ಆರಿಸಿದೆ. ಹದಿನಾರು ಮಿಲಿಮೀಟರಿನ ಮುಖ್ಯ ಕೊಳವೆ. ಅದರಿಂದ ನಾಲ್ಕು ಮಿಲಿಮೀಟರಿನ ಕವಲುಗಳು. ಆಲ, ಅತ್ತಿ, ಅರಳಿ ಇವು ಧಾರಾಳವಾಗಿ ಕುಡಿಯುವ ಮನೆತನ. ಅವಕ್ಕೆ ಎರಡೆರಡು ಮೂತಿ. ಹುಣಸೆ, ಜೂನಿಪರ್ ಮಿತಾಹಾರಿಗಳು, ಒಂದೊಂದೇ ಸಾಕು. ಅಡೀನಿಯಂ ತನ್ನ ದಪ್ಪ ಬುಡದಲ್ಲಿಯೇ ನೀರನ್ನು ಕೂಡಿಟ್ಟುಕೊಳ್ಳುವ ಜಾಣ ಗಿಡ. ದಿನಕ್ಕೆರಡು ಬಾರಿ ಕೊಟ್ಟರೆ ಕೊಳೆಯುತ್ತದೆ. ಅದರ ನಾಲ್ಕು ಕುಂಡಗಳನ್ನು ಕೊಳವೆಯಿಂದ ಹೊರಗಿಟ್ಟು ಯಜಮಾನರ ಚೊಂಬಿಗೆ ಒಪ್ಪಿಸಿದೆ. ಉಳಿದ ಪ್ರತಿಯೊಂದು ಮೂತಿಯ ಕೆಳಗೂ ಲೋಟವಿಟ್ಟು, ಮೂರು ನಿಮಿಷದಲ್ಲಿ ಎಷ್ಟು ನೀರು ಬೀಳುವುದೆಂದು ಅಳೆದು ಬರೆದುಕೊಂಡೆ. ಕಲಾ ವಿಭಾಗದ ವಿದ್ಯಾರ್ಥಿಗೆ ಇದೇ ಪ್ರಯೋಗಶಾಲೆ.

ನೀರಿಗೆ 200 ಲೀಟರಿನ ಪೀಪಾಯಿ. ಅದನ್ನು ಎತ್ತರದಲ್ಲಿಡಬೇಕೆಂದು ಎಲ್ಲರೂ ಹೇಳಿದರು. ನಾನು ಕುಂಡಗಳ ಹಲಗೆಗಿಂತ ಕೆಳಗೆ, ನೆಲದ ಮೇಲೆ, ನೆರಳಿನಲ್ಲಿ ಇಟ್ಟೆ. ಮೇಲಿದ್ದರೆ ಪಂಪು ನಿಂತ ಮೇಲೂ ಸೈಫನ್ನಿನ ನಿಯಮದಂತೆ ನೀರು ಹರಿಯುತ್ತಲೇ ಇದ್ದು ಪೀಪಾಯಿ ಬರಿದಾದೀತು. ಕೆಳಗಿದ್ದರೆ ಪಂಪು ನಿಂತೊಡನೆ ನೀರೂ ನಿಲ್ಲುತ್ತದೆ. ಪಂಪು 12 ವೋಲ್ಟಿನದು, ಬ್ಯಾಟರಿಯಿಂದ ನಡೆಯುವುದು. ವಿದ್ಯುತ್ತು ಹೋದರೂ ಮರಗಳು ಉಪವಾಸ ಬೀಳುವುದಿಲ್ಲ. ಬೆಳಿಗ್ಗೆ ಆರೂವರೆಗೆ ಒಮ್ಮೆ, ಸಂಜೆ ನಾಲ್ಕೂವರೆಗೆ ಒಮ್ಮೆ ಗಡಿಯಾರ ಅದನ್ನು ಎಬ್ಬಿಸುತ್ತದೆ. ಕುಂಡವೊಂದಕ್ಕೆ ಸರಾಸರಿ ಅರ್ಧ ಲೀಟರಿನಂತೆ 30 ಕುಂಡಗಳಿಗೆ ದಿನಕ್ಕೆ 30 ಲೀಟರು. ಒಮ್ಮೆ ತುಂಬಿದರೆ ಆರು ದಿನ ನಿಶ್ಚಿಂತೆ. ಮನೆಯ ಮೇಲ್ತೊಟ್ಟಿಯಿಂದ ಪೀಪಾಯಿಗೆ ಒಂದು ನಲ್ಲಿ ಇಟ್ಟಿದ್ದೇನೆ. ಅದನ್ನು ತಿರುಗಿಸಲು ಮೊಳಕಾಲು ಬೇಕಾಗಿಲ್ಲ. ನಮ್ಮ ಕೊಳವೆಬಾವಿಯ ನೀರು ಗಡುಸು. ಅದರ ಸುಣ್ಣ ಮೂತಿಗಳಲ್ಲಿ ಕಟ್ಟುತ್ತದೆ. ವಾರಕ್ಕೊಮ್ಮೆ ಶೋಧಕವನ್ನು ತೊಳೆದು, ಕಟ್ಟಿದ ಮೂತಿಗಳನ್ನು ವಿನಿಗರಿನಲ್ಲಿ ನೆನೆಹಾಕಬೇಕು.

ಇಷ್ಟಾದ ಮೇಲೆ ನನ್ನ ಮನಸ್ಸಿನಲ್ಲಿ ಒಂದು ಶಂಕೆ ಉಳಿಯಿತು. ನೀರು ಹಾಕುವುದನ್ನು ಕಲಿಯಲು ಮೂರು ವರ್ಷ ಬೇಕೆಂದು ಜಪಾನಿನ ಬೋನ್ಸಾಯಿ ಗುರುಗಳಲ್ಲಿ ಒಂದು ನಾಣ್ಣುಡಿಯಿದೆ. ನೀರು ಸುರಿಯುವುದಕ್ಕಲ್ಲ, ನೋಡುವುದಕ್ಕೆ ಅಷ್ಟು ಕಾಲ. ವಾಷಿಂಗ್ಟನ್ನಿನ ರಾಷ್ಟ್ರೀಯ ವೃಕ್ಷೋದ್ಯಾನದಲ್ಲಿರುವ ಬೋನ್ಸಾಯಿ ಸಂಗ್ರಹಾಲಯದಲ್ಲಿ ಒಂದು ಬಿಳಿಯ ಪೈನ್ ಮರವಿದೆ; 1625ರಿಂದ ಕುಂಡದಲ್ಲಿ ಬೆಳೆದುಬಂದುದು. ಹಿರೋಷಿಮಾದ ಯಮಾಕಿ ಮನೆತನದ ಆ ಮರ, 1945ರ ಆಗಸ್ಟ್ 6ರಂದು ಬಾಂಬು ಬಿದ್ದ ಸ್ಥಳದಿಂದ ಸುಮಾರು 3 ಕಿಲೋಮೀಟರ್ ದೂರದಲ್ಲಿ, ಗೋಡೆಯ ಮರೆಯಲ್ಲಿ ಉಳಿಯಿತು. 1976ರಲ್ಲಿ ಮಸಾರು ಯಮಾಕಿಯವರು ಅದನ್ನು ಅಮೆರಿಕಕ್ಕೆ ಕೊಡುಗೆಯಾಗಿ ಕೊಟ್ಟರು. ಅದು ಹಿರೋಷಿಮಾದಲ್ಲಿ ಬದುಕುಳಿದ ಮರವೆಂಬುದು 2001ರಲ್ಲಿ ಅವರ ಮೊಮ್ಮಕ್ಕಳು ನೋಡಲು ಬಂದಾಗಲೇ ಅಲ್ಲಿಯವರಿಗೆ ತಿಳಿದುದು. ನನಗೆ ಇದರಲ್ಲಿ ದೊಡ್ಡದಾಗಿ ತೋರುವುದು ಬೇರೊಂದು. ಆ ಆಗಸ್ಟಿನ ಮುಂದಿನ ದಿನಗಳಲ್ಲಿಯೂ, ಊರೆಲ್ಲ ಬೂದಿಯಾಗಿರುವಾಗ, ಯಾರೋ ಅದಕ್ಕೆ ನೀರು ಹಾಕಿರಲೇಬೇಕು. ಹಾಕದಿದ್ದರೆ ಅದು ಇಂದು ಇರುತ್ತಿರಲಿಲ್ಲ. ಅಂಥ ಸರಪಣಿಯಲ್ಲಿ ಗಡಿಯಾರವೊಂದು ಕೊಂಡಿಯಾಗಬಲ್ಲುದೆ?

ಒಂದು ತಿಂಗಳು ಯಂತ್ರವನ್ನು ನನ್ನ ಕಣ್ಣೆದುರಿನಲ್ಲಿಯೇ ನಡೆಸಿ ನೋಡಿದೆ. ಅದಕ್ಕೆ ಮಳೆ ಬಂದುದು ತಿಳಿಯುವುದಿಲ್ಲ. ಮೂತಿ ಕಟ್ಟಿದರೆ ಕಾಣುವುದಿಲ್ಲ. ಇರುವೆ ಗೂಡು ಕಟ್ಟಿದರೂ ಅದು ತನ್ನ ಮೂರು ನಿಮಿಷವನ್ನು ಪ್ರಾಮಾಣಿಕವಾಗಿ ಮುಗಿಸಿ ಮಲಗುತ್ತದೆ. ಆದರೆ ನಾನು ಎಣಿಸದಿದ್ದ ಒಂದು ಫಲವೂ ಕಂಡಿತು. ಮೊದಲು ನಾನು ನೀರು ಹಾಕುವಾಗ ಯಜಮಾನರು ಕೆಳಗಿನಿಂದಲೇ ವಿಚಾರಿಸುತ್ತಿದ್ದರು. ಈಗ ಆರೂವರೆಗೆ ಮೇಲೆ ಬಂದು ಮಣೆಯ ಮೇಲೆ ಕೂರುತ್ತಾರೆ. ತುಂತುರು ನಿಂತ ಮೇಲೆ ಒಂದೊಂದು ಕುಂಡಕ್ಕೂ ಬೆರಳಿಟ್ಟು ನೋಡುತ್ತಾರೆ. ಹುಣಸೆಯ ಎಲೆಯಡಿಯಲ್ಲಿ ಹಿಟ್ಟಿನಂಥ ಬಿಳಿಯ ಹುಳು ಹತ್ತಿದುದನ್ನು ಮೊದಲು ಕಂಡವರು ಅವರೇ. ಕೊಡದ ಭಾರವನ್ನು ಯಂತ್ರ ಹೊತ್ತುಕೊಂಡಿತು. ನೋಡುವ ಕೆಲಸ ಅದು ಯಾರದೋ ಅವರ ಕೈಗೆ ಹಿಂದಿರುಗಿತು. ಮಾರುವ ಮಾತು ಸದ್ಯಕ್ಕೆ ನಿಂತಿದೆ.

ಉಳಿದಿರುವುದು ಶೋಧಕ ತೊಳೆಯುವ, ಮೂತಿ ಬಿಡಿಸುವ, ಮಳೆಗಾಲದಲ್ಲಿ ಗಡಿಯಾರವನ್ನು ತಡೆಯುವ ಕೆಲಸ. ವಾರಕ್ಕೆ ಒಂದು ಗಂಟೆ ಸಾಕು. ಯಜಮಾನರು ಅದಕ್ಕೆ ತಕ್ಕ ಹಣ ಕೊಡುತ್ತಾರೆ, ಜೊತೆಗೆ ಒಂದು ಲೋಟ ಕಾಫಿ. ಒಂದನೆಯ ಅಥವಾ ಎರಡನೆಯ ವರ್ಷದ ಸೋದರ ಸೋದರಿಯರಲ್ಲಿ ಯಾರಿಗಾದರೂ ಮನಸ್ಸಿದ್ದರೆ, ಪರೀಕ್ಷೆಗೆ ಮೊದಲು ನನ್ನನ್ನು ಕಾಣಬಹುದು. ಅಳತೆ ಬರೆದ ಪುಸ್ತಕವನ್ನು ಕೊಟ್ಟು ಹೋಗುತ್ತೇನೆ.