ಬೆಟ್ಟದ ಕಡೆ, ಕಡಲ ಕಡೆ

ಮೆಲೊನ್‌ಪಾನ್ ಎಂಬ ಜಪಾನಿ ಬನ್ನು ಎಂದರೆ ಗುಂಡಗಿರಬೇಕು, ಮೇಲೆ ಬಿಸ್ಕತ್ತಿನಂಥ ಗರಿಗರಿ ಸಿಪ್ಪೆಯಿರಬೇಕು ಎಂದೇ ನಂಬಿದ್ದೆ. ಮೊನ್ನೆ ಜಪಾನಿನ ಕೋಬೆ ನಗರದ ಹಳೆಯ ಬೇಕರಿಯೊಂದರಲ್ಲಿ ಆ ಹೆಸರಿನ ಚೀಟಿಯ ಹಿಂದೆ ಕೂತಿದ್ದದ್ದು ಬೇರೆಯೇ. ಎರಡೂ ತುದಿ ಚೂಪು, ಮೈಯುದ್ದಕ್ಕೂ ಗೀರು, ಥೇಟ್ ಇಬ್ಬುಡ್ಲದ (ಕರಬೂಜದ) ಎಳೆಗಾಯಿ. ಕಚ್ಚಿದರೆ ಒಳಗೆ ಬಿಳಿ ಬೀನ್ಸ್ ಕಾಳಿನ ಸಿಹಿ ಹೂರಣ. ಗುಂಡಗಿನದಕ್ಕೆ ಇಲ್ಲಿನ ಹಳಬರ ಹೆಸರು ಸನ್‌ರೈಸ್. ಒಂದು ಊರು ತನ್ನ ಬನ್ನಿನ ಹೆಸರನ್ನು ಹೀಗೆ ಬಿಡದೆ ಹಿಡಿದುಕೊಂಡಿದೆಯಲ್ಲ ಎಂದು ದಿನವಿಡೀ ಖುಷಿಪಟ್ಟೆ.

ಕೋಬೆಯಲ್ಲಿ ಎಡ, ಬಲ ಎನ್ನುವುದಕ್ಕಿಂತ 'ಯಾಮಾಗಾವಾ', 'ಉಮಿಗಾವಾ' ಎನ್ನುವುದೇ ರೂಢಿ. ಬೆಟ್ಟದ ಕಡೆ, ಕಡಲ ಕಡೆ. ದೊಡ್ಡ ಮಳಿಗೆಯೊಳಗಿನ ಫಲಕಗಳಲ್ಲೂ ಹಾಗೆಯೇ ಬರೆದಿರುತ್ತದೆ. ಬಡಗಿಗೆ ರೊಕ್ಕೊ ಬೆಟ್ಟಸಾಲು, ತೆಂಕಿಗೆ ಬಂದರು, ನಡುವೆ ಇಳಿಜಾರು. ಘಟ್ಟದ ಮೇಲೆ, ಘಟ್ಟದ ಕೆಳಗೆ ಎಂದೇ ಲೋಕವನ್ನು ಪಾಲು ಮಾಡಿಕೊಂಡು ಬೆಳೆದ ಕರಾವಳಿಯ ನನಗೆ ಇಲ್ಲಿ ದಾರಿ ಕೇಳುವ ಪ್ರಮೇಯವೇ ಬರಲಿಲ್ಲ. ಏದುಸಿರು ಬಂದರೆ ಬೆಟ್ಟದತ್ತ ಹೊರಟಿದ್ದೇನೆ. ಕಾಲು ತಾನಾಗಿ ಓಡಿದರೆ ಕಡಲತ್ತ.

ಆದ್ದರಿಂದಲೇ ಫೋನಿನ ನಕ್ಷೆ ಹಿಡಿದು ನಡೆಯುವವರೊಂದಿಗೆ ನನಗೆ ಜಗಳ. ಬೇಕರಿಗಳ ಪಟ್ಟಿ ಮಾಡಿಕೊಂಡು, ನೀಲಿ ಚುಕ್ಕೆಯ ಬೆನ್ನುಹತ್ತಿ ಸಾಲುಸಾಲಾಗಿ ಬರುತ್ತಾರೆ. ಬೆಟ್ಟದ ಕಡೆಯ ಕಿತಾನೊ ಬಡಾವಣೆಯ ಏರಿನಲ್ಲಿ 1935ರ ಮಸೀದಿಯ ಮಿನಾರುಗಳ ಕೆಳಗೇ ಹಾದುಹೋದರೂ ಕತ್ತೆತ್ತುವುದಿಲ್ಲ. ಸ್ವಲ್ಪ ದೂರದಲ್ಲೇ ಅಮೃತಶಿಲೆಯ ಜೈನ ಬಸದಿಯಿದೆ, ಅದೂ ಕಣ್ಣಿಗೆ ಬೀಳುವುದಿಲ್ಲ. 1909ರ ಕೆಂಪು ಇಟ್ಟಿಗೆಯ ಮನೆಯ ಶಿಖರದಲ್ಲಿ ಗಾಳಿಕೋಳಿ ತಿರುಗುತ್ತಿದ್ದರೆ ಇವರು ಕೈಯಲ್ಲಿನ ಗಾಜಿನ ಮೇಲೆ ಬಾಣ ತಿರುಗಿಸುತ್ತಿರುತ್ತಾರೆ. ಇದು ನಡಿಗೆಯಲ್ಲ, ಸಾಗಾಟ. ಊರು ಕೈಚಾಚಿ ದಾರಿ ತೋರಿಸುತ್ತಿರುವಾಗ ಅದರ ಮುಖ ನೋಡದಿರುವುದು ಅವಮರ್ಯಾದೆ ಎಂದೇ ನನ್ನ ಭಾವನೆ.

ನನ್ನ ಕ್ರಮ ಇಷ್ಟೆ. ಬೆಳಿಗ್ಗೆ ಬರಿಗೈಯಲ್ಲಿ ಏರಬೇಕು. ಮೇಲಿನ ಬೀದಿಗಳಲ್ಲಿ ಕೊಂಡು, ಕೆಳಗೆ ಬಂದರಿನಲ್ಲಿ ಕೂತು ತಿನ್ನಬೇಕು. ನಡುವಿನ ದಾರಿ ಸುಮಾರು ಎರಡು ಕಿಲೋಮೀಟರ್. ಬಿಸಿ ಬನ್ನನ್ನು ಪ್ಲಾಸ್ಟಿಕ್ಕಿನಲ್ಲಿ ಕಟ್ಟಿಸಬಾರದು, ತನ್ನ ಹಬೆಗೆ ತಾನೇ ಬೆವೆತು ಸಿಪ್ಪೆ ಮೆತ್ತಗಾಗುತ್ತದೆ. ಕಾಗದದ ಚೀಲ, ಬಾಯಿ ತೆರೆದೇ ಇರಲಿ.

ಇಳಿಯುವಾಗ ನನ್ನ ಮನಸ್ಸು ಕಾರ್ಲ್ ಯುಹೈಮ್ ಎಂಬ ಜರ್ಮನ್ ಬಾಣಸಿಗನ ಕಡೆಗೆ ಹೋಗುತ್ತದೆ. ಮೊದಲ ಮಹಾಯುದ್ಧದಲ್ಲಿ ಜಪಾನಿನ ಸೆರೆಯಾಳಾಗಿದ್ದವನು. ಮರದ ಕಾಂಡದೊಳಗಿನ ಬಳೆಗಳಂತೆ ಸುತ್ತು ಸುತ್ತು ಬೇಯಿಸುವ ಬೌಮ್‌ಕೂಖೆನ್ ಕೇಕನ್ನು 1919ರಲ್ಲಿ ಹಿರೊಶಿಮಾದ ವಸ್ತುಪ್ರದರ್ಶನ ಭವನದಲ್ಲಿ ಮಾರಾಟಕ್ಕಿಟ್ಟ. ಬಿಡುಗಡೆಯ ನಂತರ ಯೊಕೊಹಾಮಾದಲ್ಲಿ ಅಂಗಡಿ ತೆರೆದ. 1923ರ ಭೂಕಂಪ ಅದನ್ನು ನುಂಗಿತು. ಕೋಬೆಗೆ ಬಂದು ಮತ್ತೆ ಒಲೆ ಹೂಡಿದ. ತೀರಿಕೊಂಡದ್ದು 1945ರ ಆಗಸ್ಟ್ 14ರಂದು, ಜಪಾನಿನ ಚಕ್ರವರ್ತಿ ಶರಣಾಗತಿಯನ್ನು ಬಾನುಲಿಯಲ್ಲಿ ಸಾರುವ ಹಿಂದಿನ ದಿನ. ಆ ಪ್ರದರ್ಶನ ಭವನದ ಅಸ್ಥಿಪಂಜರವೇ ಇಂದು ಲೋಕವೆಲ್ಲ ಬಲ್ಲ ಹಿರೊಶಿಮಾದ ಅಣುಬಾಂಬ್ ಗುಮ್ಮಟ. ಕೇಕಿನ ತುಂಡೊಂದನ್ನು ಕೈಯಲ್ಲಿ ಹಿಡಿದಾಗ ಇಷ್ಟೂ ನೆನಪಾಗುತ್ತದೆ.

ದಾರಿ ಮುಗಿಯುವುದು ಬಂದರಿನ ಮೆರಿಕೆನ್ ಪಾರ್ಕಿನಲ್ಲಿ. 1995ರ ಜನವರಿ 17ರ ನಸುಕಿನಲ್ಲಿ ಭೂಮಿ ನಡುಗಿ ಆರು ಸಾವಿರಕ್ಕೂ ಹೆಚ್ಚು ಜನ ಸತ್ತರು. ಅಂದು ಒಡೆದ ಇಲ್ಲಿನ ಧಕ್ಕೆಯ ಒಂದು ತುಂಡನ್ನು ರಿಪೇರಿ ಮಾಡದೆ ಹಾಗೇ ಉಳಿಸಿದ್ದಾರೆ. ವಾಲಿದ ದೀಪದ ಕಂಬಗಳು ಈಗಲೂ ವಾಲಿಯೇ ಇವೆ.

ಕೋಬೆಗೆ ಹೋದರೆ ಫೋನು ಚೀಲದಲ್ಲಿರಲಿ. ಬಡಗಿನಲ್ಲಿ ಕೊಳ್ಳಿ, ತೆಂಕಿನಲ್ಲಿ ಆ ಕಂಬಗಳ ಹತ್ತಿರ ಕೂತು ತಿನ್ನಿ. ದಾರಿ ತಪ್ಪಿತೆನಿಸಿದರೆ ಕತ್ತೆತ್ತಿ ಬೆಟ್ಟ ನೋಡಿ.