ಶುಕ್ರವಾರ ಹತ್ತಿ ಭಾನುವಾರ ಇಳಿದೆ

"ಯಾವ ಲಾಂಚಿಗೆ ಬರ್ತೀಯ ಅಪ್ಪಿ?" ಅಮ್ಮ ಫೋನಿನಲ್ಲಿ ಕೇಳಿದ್ದು ಇಷ್ಟೇ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ಶರಾವತಿ ಹಿನ್ನೀರು ನಿಂತ ಮೇಲೆ ನಮ್ಮ ಬ್ಯಾಕೋಡಿನ ಕಡೆಯವರಿಗೆ ಸಾಗರದ ದೂರ ಕಿಲೋಮೀಟರಿನಲ್ಲಿ ಉಳಿಯಲಿಲ್ಲ. ಎಷ್ಟು ಹೊತ್ತಿನ ಲಾಂಚು ಸಿಕ್ಕಿತು ಎಂಬುದೇ ಲೆಕ್ಕ.

ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಕೂತ ನನಗೆ ಆ ಪ್ರಶ್ನೆ ಕೇಳಿ ನಗು ಬಂತು. "ಹದಿನಾಲ್ಕು ಸಾವಿರ ಕಿಲೋಮೀಟರು, ಹದಿನೆಂಟು ಗಂಟೆ ಅಮ್ಮ. ಶುಕ್ರವಾರ ರಾತ್ರಿ ಒಂಬತ್ತಕ್ಕೆ ಹತ್ತಿದ್ರೆ ಶನಿವಾರ ಮಧ್ಯಾಹ್ನ ಮೂರಕ್ಕೆ ಬೆಂಗಳೂರು. ರಾತ್ರಿ ಬಸ್ಸು. ಭಾನುವಾರ ಮೊದಲ ಲಾಂಚಿಗೇ ಬಂದೆ ಅಂತ ಇಟ್ಕೊ."

ಆ ಭಾನುವಾರ ಅಪ್ಪನ ವರ್ಷಾಂತ.

ಇದು 2023ರ ಜನವರಿ ಮಾತು. ಸ್ಯಾನ್ ಫ್ರಾನ್ಸಿಸ್ಕೋದಿಂದ ಬೆಂಗಳೂರಿಗೆ ಮೊದಲ ನೇರ ವಿಮಾನ ಹಾರಿದ್ದು 2021ರ ಜನವರಿ 9ಕ್ಕೆ. ನಡುವೆ ಎಲ್ಲೋ ಇಳಿದು ಹತ್ತುವ ತಾಪತ್ರಯ ತಪ್ಪಿತಲ್ಲ ಎಂಬ ಹುರುಪು ನನಗಿನ್ನೂ ಇತ್ತು. ಕೂಡಿದ್ದರಲ್ಲಿ ತಪ್ಪಿರಲಿಲ್ಲ. ಆದರೆ ಕೂಡಿದ್ದು ಕ್ಯಾಲಿಫೋರ್ನಿಯಾದ ಗಡಿಯಾರಕ್ಕೆ. ಚಳಿಗಾಲದಲ್ಲಿ ನಮ್ಮ ದೇಶ ಅಲ್ಲಿಗಿಂತ 13 ಗಂಟೆ 30 ನಿಮಿಷ ಮುಂದೆ (ಬೇಸಿಗೆಯಲ್ಲಿ ಹನ್ನೆರಡೂವರೆ). ನಾನು ವಿಮಾನ ಹತ್ತುವಾಗಲೇ ಬ್ಯಾಕೋಡಿನಲ್ಲಿ ಶನಿವಾರ ಬೆಳಿಗ್ಗೆ ಹತ್ತೂವರೆ ಆಗಿತ್ತು. ದಿನಾ ರಾತ್ರಿ ಬೆಂಗಳೂರಿನ ಸಹೋದ್ಯೋಗಿಗಳಿಗೆ 'ಗುಡ್ ಮಾರ್ನಿಂಗ್' ಹೇಳುವ ಮನುಷ್ಯ ನಾನು!

ಗೊತ್ತಾಗಿದ್ದು ಊಟ ಮುಗಿಸಿ ಮುಂದಿನ ಸೀಟಿನ ತೆರೆ ನೋಡಿದಾಗ. ಪುಟ್ಟ ಬಿಳಿ ವಿಮಾನದ ಕೆಳಗೆ ಬೆಂಗಳೂರು ತಲುಪುವ ಹೊತ್ತು ಕಂಡಿತು: 4.25. ಬೆಳಗಿನ ಜಾವದ್ದು. ಭಾನುವಾರದ್ದು. ಮನೆಗೆ ಹೇಳೋಣವೆಂದರೆ ಫೋನು ಸತ್ತಂತೆ ಕೈಯಲ್ಲಿತ್ತು. ಪಕ್ಕದವರು ಗೊರಕೆ ಹೊಡೆಯುತ್ತಿದ್ದರು. ಉಳಿದಷ್ಟೂ ಗಂಟೆ ಆ ವಿಮಾನದ ಚಿತ್ರ ಕೂದಲೆಳೆಯಷ್ಟು ಕೂದಲೆಳೆಯಷ್ಟು ಸರಿಯುವುದನ್ನು ನೋಡುತ್ತ ಕೂತೆ.

ಇಳಿದವನೇ ತಮ್ಮನಿಗೆ ಫೋನ್ ಮಾಡಿದೆ. ಆತ ಆಗಲೇ ಕಳಸವಳ್ಳಿ ದಡಕ್ಕೆ ನನ್ನನ್ನು ಕರೆಯಲು ಹೊರಟು ನಿಂತಿದ್ದ. "ಭಟ್ರು ಬೇಗ ಬರ್ತಾರೆ. ನಾನೇ ಮಾಡಿ ಮುಗಿಸ್ತೀನಿ ಬಿಡು ಅಣ್ಣ" ಅಂದ. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು.

ಟ್ಯಾಕ್ಸಿ ಈಚೆ ದಡದ ಅಂಬಾರಗೋಡ್ಲು ತಲುಪಿದಾಗ ಮಧ್ಯಾಹ್ನ ಮೂರು. ಭಾನುವಾರವಾದ್ದರಿಂದ ಸಿಗಂದೂರಿನ ದೇವಸ್ಥಾನಕ್ಕೆ ಹೊರಟ ಕಾರುಗಳ ಸಾಲು ರಸ್ತೆಯುದ್ದ. ಟ್ಯಾಕ್ಸಿ ಅಲ್ಲೇ ಬಿಟ್ಟು, ಪೆಟ್ಟಿಗೆ ಎಳೆದುಕೊಂಡು ಜನರ ನಡುವೆ ಲಾಂಚು ಹತ್ತಿದೆ.

ಮನೆಯಲ್ಲಿ ನೆಂಟರು ಎಲೆ ಅಡಿಕೆ ಮೆಲ್ಲುತ್ತಿದ್ದರು. ಅಮ್ಮ ಏನೂ ಕೇಳಲಿಲ್ಲ. ಅಡುಗೆಮನೆಯಲ್ಲಿ ನನ್ನ ಪಾಲಿನ ಬಾಳೆಲೆಯ ಮೇಲೆ ಇನ್ನೊಂದು ಎಲೆ ಕವುಚಿಟ್ಟಿತ್ತು. ವಡೆ ತಣ್ಣಗಾಗಿತ್ತು.

2025ರ ಜುಲೈ 14ರಂದು ಆ ಹಿನ್ನೀರಿಗೆ ಸೇತುವೆಯಾಯಿತು. ಈಗ ಆಚೆ ದಡ ಕೆಲವೇ ನಿಮಿಷದ ದಾರಿ, ಲಾಂಚಿನ ಮೇಲೆ ತಪ್ಪು ಹೊರಿಸುವ ಹಾಗೂ ಇಲ್ಲ. ಅವತ್ತಾದರೂ ಲಾಂಚಿನದೇನೂ ತಪ್ಪಿರಲಿಲ್ಲ. ಟಿಕೆಟ್ಟಿನಲ್ಲಿ ಇಳಿಯುವ ಹೊತ್ತಿನ ಪಕ್ಕ ಸಣ್ಣದಾಗಿ '+2' ಎಂದು ಅಚ್ಚಾಗಿರುತ್ತದೆ. ಊರಿಗೆ ಫೋನ್ ಮಾಡುವ ಮುಂಚೆ ದಯವಿಟ್ಟು ಅದನ್ನೊಮ್ಮೆ ಓದಿ.